ಪರರ ನೆಲದಲ್ಲಿ ಬಿದ್ದವನ ನೆನಪು

ಗಡಿಯಲ್ಲಿ ಮಡಿದ ಸೈನಿಕನ ಬಗ್ಗೆ ಮಾತಾಡಬೇಕಾದಾಗ ನಾವು ಪದಗಳಿಗಾಗಿ ತಡಕಾಡುವುದಿಲ್ಲ. ನಮ್ಮ ನೆಲ, ನಮ್ಮ ನೆಮ್ಮದಿ, ಅದನ್ನು ಕಾಯಲು ಅವನು ತೆತ್ತ ಪ್ರಾಣ ಎಂದು ಮಾತು ತಾನಾಗಿಯೇ ಹರಿದು ಬರುತ್ತದೆ. ಆ ಮಾತಿನಲ್ಲಿ ಸುಳ್ಳೇನೂ ಇರುವುದಿಲ್ಲ. ಆದರೆ ಕಡಲಾಚೆಯ ಯಾವುದೋ ಊರಿನಲ್ಲಿ, ನಮ್ಮದಲ್ಲದ ಜಗಳವೊಂದರ ನಡುವೆ, ನಮ್ಮ ಮಾತು ತಿಳಿಯದ ಜನರ ಬೀದಿಯಲ್ಲಿ ಬಿದ್ದ ಸೈನಿಕನ ವಿಷಯಕ್ಕೆ ಬಂದಾಗ ಈ ಹರಿವು ನಿಂತುಬಿಡುತ್ತದೆ. ಅವನು ಯಾರಿಗಾಗಿ ಸತ್ತ? ನಮಗಾಗಿ ಎನ್ನಲು ನಾಲಿಗೆ ತಡವರಿಸುತ್ತದೆ. ಅವರಿಗಾಗಿ ಎನ್ನೋಣವೆಂದರೆ ಆ ಜನರ ಮುಖವನ್ನು ನಾವು ಕಂಡಿಲ್ಲ. ಇಂಥ ಸಾವಿನ ಮುಂದೆ ನಿಂತಾಗ ಒಂದು ಅನುಮಾನ ಮೆಲ್ಲಗೆ ತಲೆಯೆತ್ತುತ್ತದೆ. ನಾವು ನಿಜಕ್ಕೂ ಸತ್ತವರನ್ನು ನೆನೆಯುತ್ತೇವೋ, ಅಥವಾ ಅವರ ನೆಪದಲ್ಲಿ ನಮ್ಮನ್ನೇ ಮೆಚ್ಚಿಕೊಳ್ಳುತ್ತೇವೋ?

ಇಂಥ ಪ್ರಶ್ನೆಯನ್ನು ಗಾಳಿಯಲ್ಲಿ ತೂಗಾಡಲು ಬಿಡುವುದಕ್ಕಿಂತ ಒಬ್ಬ ಮನುಷ್ಯನ ಬದುಕಿನ ಪಕ್ಕದಲ್ಲಿಟ್ಟು ನೋಡುವುದು ಮೇಲು. 1961ರ ಡಿಸೆಂಬರ್ 5ರ ಮಧ್ಯಾಹ್ನ ಆಫ್ರಿಕಾದ ಕಾಂಗೋ ದೇಶದ ಎಲಿಜಬೆತ್‌ವಿಲ್ ಎಂಬ ನಗರದಲ್ಲಿ, ವಿಮಾನ ನಿಲ್ದಾಣದ ಕಡೆಯ ರಸ್ತೆಯೊಂದರಲ್ಲಿ, ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಕೊರಳಿಗೆ ಗುಂಡು ತಗುಲಿ ಬಿದ್ದರು. ಅವರು ಹುಟ್ಟಿದ್ದು 1935ರ ನವೆಂಬರ್ 29ರಂದು. ಅಂದರೆ ಇಪ್ಪತ್ತಾರು ತುಂಬಿ ಆಗಷ್ಟೇ ಆರು ದಿನವಾಗಿತ್ತು. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿದ್ದಾಗ ಪರಮವೀರ ಚಕ್ರ ಪಡೆದವರು ಅವರೊಬ್ಬರೇ. ನಮ್ಮ ಶಾಲೆಯ ಮಕ್ಕಳಿಗೆ 1962ರ, 1965ರ, 1971ರ, ಕಾರ್ಗಿಲ್ಲಿನ ವೀರರ ಹೆಸರು ಒಂದೆರಡಾದರೂ ಗೊತ್ತಿರುತ್ತದೆ. ಸಲಾರಿಯಾ ಎಂದರೆ ದೊಡ್ಡವರೂ ಯಾರು ಎಂದು ಕೇಳುತ್ತಾರೆ. ಇದನ್ನು ಬರಿಯ ಮರೆವು ಎಂದು ತಳ್ಳಿಹಾಕುವಂತಿಲ್ಲ. ಯಾವ ಸಾವು ನಮ್ಮದೇ ಕಥೆಯೊಳಗೆ ಸಲೀಸಾಗಿ ಕೂರುವುದಿಲ್ಲವೋ ಅದನ್ನು ನಾವು ಹೊರಗೇ ನಿಲ್ಲಿಸುತ್ತೇವೆ.

ಅವರ ಬದುಕು ಶುರುವಾದದ್ದು ಇಂದಿನ ಪಾಕಿಸ್ತಾನದ ಶಕರ್‌ಗಢದ ಬಳಿಯ ಒಂದು ಹಳ್ಳಿಯಲ್ಲಿ. ತಂದೆ ಬ್ರಿಟಿಷರ ಕಾಲದ ಸೈನ್ಯದ ಹಾಡ್ಸನ್ಸ್ ಹಾರ್ಸ್ ಎಂಬ ಕುದುರೆ ಪಡೆಯಲ್ಲಿದ್ದವರು. ಮನೆಯಲ್ಲಿ ಪಡೆಯ ಕಥೆಗಳನ್ನು ಕೇಳುತ್ತಲೇ ಹುಡುಗ ಬೆಳೆದ. ಅವನು ಸೈನಿಕ ಶಿಕ್ಷಣಕ್ಕೆಂದು ಮೊದಲು ಬಂದದ್ದು ನಮ್ಮ ಬೆಂಗಳೂರಿಗೆ. 1946ರಲ್ಲಿ ಇಲ್ಲಿ ಹೊಸದಾಗಿ ತೆರೆದಿದ್ದ, ಇಂದು ರಾಷ್ಟ್ರೀಯ ಮಿಲಿಟರಿ ಶಾಲೆ ಎಂದು ಕರೆಸಿಕೊಳ್ಳುವ ಕಿಂಗ್ ಜಾರ್ಜ್ ಮಿಲಿಟರಿ ಕಾಲೇಜಿಗೆ ಸೇರಲು ಬಂದ ಹತ್ತು ವರ್ಷದ ಆ ಹುಡುಗನನ್ನು, ಎದೆಯ ಸುತ್ತಳತೆ ಒಂದಿಂಚು ಕಡಿಮೆಯಿದೆ ಎಂದು ಮೊದಲು ಹಿಂದಕ್ಕೆ ಕಳಿಸಿದ್ದರಂತೆ. ಹಳ್ಳಿಗೆ ಮರಳಿ, ಹಾಲು ಕುಡಿದು, ಕಸರತ್ತು ಮಾಡಿ, ಬೇಕಾದುದಕ್ಕಿಂತ ಹೆಚ್ಚು ಎದೆ ಬೆಳೆಸಿಕೊಂಡು ಮತ್ತೆ ಬಂದನಂತೆ. ವೀರರ ಬಾಲ್ಯದ ಬಗ್ಗೆ ಹೇಳುವ ಕಥೆಗಳಿಗೆ ಸ್ವಲ್ಪ ಬಣ್ಣ ಹತ್ತುವುದು ಸಹಜ. ಆದರೂ ಈ ಕಥೆಯಲ್ಲಿ ಒಂದು ಮುದ್ದಾದ ನಿಜವಿದೆ. ಇದರಲ್ಲಿ ನಾವು ಕಾಣುವುದು ಪರಮವೀರನನ್ನಲ್ಲ. ತಿರಸ್ಕಾರವನ್ನು ಸಹಿಸದ, ಅಳತೆಯ ಪಟ್ಟಿಯ ಎದುರು ಉಸಿರು ಬಿಗಿಹಿಡಿದು ನಿಂತ ಒಬ್ಬ ಹುಡುಗನನ್ನು.

ಮರುವರ್ಷವೇ ದೇಶ ಎರಡಾಯಿತು. ಹುಡುಗನನ್ನು ಬೆಂಗಳೂರಿನಿಂದ ಜಲಂಧರದ ಶಾಲೆಗೆ ವರ್ಗ ಮಾಡಿದರು. ಅವನ ಹಳ್ಳಿ ಗಡಿಯ ಆಚೆಗೆ ಹೋಯಿತು. ಮನೆಯವರು ಈಚೆಗೆ ಬಂದು ಗುರುದಾಸಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಹೊಸದಾಗಿ ಒಲೆ ಹೂಡಿದರು. ಒಂದು ಗೆರೆ ಎಳೆದರೆ ಮನೆಯೇ ಪರದೇಶವಾಗಬಲ್ಲದು ಎಂಬ ಪಾಠವನ್ನು ಆ ಕುಟುಂಬ ಯಾವ ಪುಸ್ತಕದಿಂದಲೂ ಕಲಿಯಬೇಕಾಗಿರಲಿಲ್ಲ. ಹುಡುಗ ಮುಂದೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಸೇರಿದ. 1957ರ ಜೂನ್‌ನಲ್ಲಿ ಸೈನ್ಯಾಧಿಕಾರಿಯಾದ. ಗೋರ್ಖಾ ಪಡೆಗಳಲ್ಲಿ ಸೇವೆ ಸಲ್ಲಿಸುತ್ತಾ 1961ರಲ್ಲಿ, 1 ಗೋರ್ಖಾ ರೈಫಲ್ಸ್‌ನ 3ನೇ ಬೆಟಾಲಿಯನ್ ಜೊತೆ, ಕಾಂಗೋಗೆ ಹೋದ.

ಕಾಂಗೋದಲ್ಲಿ ನಡೆಯುತ್ತಿದ್ದುದೇನು? ಬೆಲ್ಜಿಯಂನ ಹಿಡಿತದಲ್ಲಿದ್ದ ಆ ವಿಶಾಲ ದೇಶ 1960ರ ಜೂನ್ 30ರಂದು ಸ್ವತಂತ್ರವಾಯಿತು. ಹನ್ನೊಂದೇ ದಿನಗಳಲ್ಲಿ ಅದರ ದಕ್ಷಿಣದ ಪ್ರಾಂತವಾದ ಕಟಾಂಗಾ, ಮೊಯಿಸ್ ಶೋಂಬೆಯ ನಾಯಕತ್ವದಲ್ಲಿ, ತಾನು ಬೇರೆ ದೇಶವೆಂದು ಘೋಷಿಸಿಕೊಂಡಿತು. ಬೇರೆಯಾಗಬೇಕೆಂಬ ಆ ಹಂಬಲಕ್ಕೆ ಜನರ ದನಿಗಿಂತ ನೆಲದೊಳಗಿನ ಅದಿರಿನ ದನಿ ದೊಡ್ಡದಾಗಿತ್ತು. ತಾಮ್ರ, ಕೋಬಾಲ್ಟ್, ಯುರೇನಿಯಂ ಅಲ್ಲಿ ಹೇರಳ. ಹಿರೋಷಿಮಾದ ಮೇಲೆ ಬಿದ್ದ ಬಾಂಬಿಗೆ ಬೇಕಾದ ಯುರೇನಿಯಂನ ಬಹುಪಾಲು ಹೋದದ್ದು ಕಟಾಂಗಾದ ಶಿಂಕೊಲೊಬ್ವೆ ಗಣಿಯಿಂದ. ಯೂನಿಯನ್ ಮಿನಿಯೇರ್ ಎಂಬ ಗಣಿ ಕಂಪನಿಯ ಹಣ ಶೋಂಬೆಯ ಬೆನ್ನಿಗಿತ್ತು. ಬಿಳಿಯ ಬಾಡಿಗೆ ಸೈನಿಕರು ಅವನ ಪಡೆಯಲ್ಲಿದ್ದರು. ಕಾಂಗೋದ ಮೊದಲ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ 1961ರ ಜನವರಿಯಲ್ಲಿ ಕಟಾಂಗಾದ ನೆಲದಲ್ಲೇ ಕೊಲೆಯಾದರು. ಸೆಪ್ಟೆಂಬರ್‌ನಲ್ಲಿ ಶೋಂಬೆಯ ಜೊತೆ ಮಾತುಕತೆಗೆಂದು ಹೊರಟಿದ್ದ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿ ಡಾಗ್ ಹ್ಯಾಮರ್‌ಶೋಲ್ಡ್ ವಿಮಾನ ದುರಂತದಲ್ಲಿ ಸತ್ತರು. ಬಾಡಿಗೆ ಸೈನಿಕರನ್ನು ಹೊರಹಾಕಲು ಅಗತ್ಯವಿದ್ದರೆ ಬಲವನ್ನೂ ಬಳಸಬಹುದೆಂದು ಭದ್ರತಾ ಮಂಡಳಿ ನಿರ್ಣಯ ಮಾಡಿದ್ದು ಅದೇ ವರ್ಷದ ನವೆಂಬರ್ 24ರಂದು. ಭಾರತ ಸುಮಾರು ಮೂರು ಸಾವಿರ ಸೈನಿಕರ ಒಂದು ಇಡೀ ಬ್ರಿಗೇಡನ್ನು ಅಲ್ಲಿಗೆ ಕಳಿಸಿತ್ತು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ತನ್ನ ದೇಶ ಒಡೆದಾಗ ಮನೆ ಕಳೆದುಕೊಂಡ ಹುಡುಗ, ಹದಿನಾಲ್ಕು ವರ್ಷಗಳ ನಂತರ, ಇನ್ನೊಂದು ದೇಶ ಒಡೆಯದಂತೆ ತಡೆಯುವ ಕೆಲಸಕ್ಕೆ ಹೋಗಿ ಪ್ರಾಣ ಬಿಟ್ಟ. ಈ ಹೋಲಿಕೆಯನ್ನು ತಂದು ಅವರ ಮನಸ್ಸಿಗೆ ಅಂಟಿಸುವುದು ಬೇಡ. ಸೈನಿಕ ಆದೇಶ ಬಂದಲ್ಲಿಗೆ ಹೋಗುತ್ತಾನೆ. ಹೋಗುವ ಮುನ್ನ ತನ್ನ ಬಾಲ್ಯದ ಜೊತೆ ಅದನ್ನು ತಾಳೆ ನೋಡುತ್ತಾ ಕೂರುವುದಿಲ್ಲ. ತಾಳೆ ನೋಡಬೇಕಾದವರು ನಾವು. ಏಕೆಂದರೆ ನಮ್ಮದಲ್ಲದ ಜಗಳ ಎಂದು ನಾವು ಸುಲಭವಾಗಿ ಹೇಳುವ ಮಾತು, ಒಡೆದ ಮನೆಯ ನೋವನ್ನು ಕಂಡ ದೇಶಕ್ಕೆ ಅಷ್ಟು ಸುಲಭವಾಗಿ ಒಪ್ಪುವಂಥದ್ದಲ್ಲ.

ಅಂದಿನ ಮಧ್ಯಾಹ್ನ ನಡೆದದ್ದನ್ನು ಚುಟುಕಾಗಿ ಹೇಳಬಹುದು. ನಗರದಲ್ಲಿದ್ದ ವಿಶ್ವಸಂಸ್ಥೆಯ ಪ್ರಧಾನ ಕಚೇರಿಗೂ ವಿಮಾನ ನಿಲ್ದಾಣಕ್ಕೂ ನಡುವಿನ ಸಂಪರ್ಕ ಕಡಿಯಲು ಕಟಾಂಗಾದ ಸಶಸ್ತ್ರ ಪೊಲೀಸ್ ಪಡೆ ರಸ್ತೆಯ ವೃತ್ತವೊಂದರಲ್ಲಿ ತಡೆ ಹಾಕಿ ಕುಳಿತಿತ್ತು. ಅದನ್ನು ತೆರವುಗೊಳಿಸುವ ಮುಖ್ಯ ಹೊಣೆ ಬೇರೊಂದು ತುಕಡಿಯದು. ಸಲಾರಿಯಾ ಹದಿನಾರು ಜನ ಗೋರ್ಖಾಗಳೊಂದಿಗೆ, ಸ್ವೀಡನ್ ಪಡೆಯ ಎರಡು ಕವಚದ ವಾಹನಗಳ ಜೊತೆ, ವಿಮಾನ ನಿಲ್ದಾಣದ ಕಡೆಯಿಂದ ನೆರವಾಗಬೇಕಿತ್ತು. ವೃತ್ತ ಇನ್ನೂ ಒಂದಿಷ್ಟು ದೂರವಿರುವಾಗಲೇ ಅವರಿಗೆ ಸುಮಾರು ತೊಂಬತ್ತು ಜನರ ಇನ್ನೊಂದು ಗುಂಪು, ಎರಡು ಯುದ್ಧವಾಹನಗಳೊಂದಿಗೆ, ಎದುರಾಯಿತು. ಸಲಾರಿಯಾ ರಾಕೆಟ್ ಲಾಂಚರ್‌ನಿಂದ ಆ ಎರಡೂ ವಾಹನಗಳನ್ನು ಹೊಡೆಸಿದರು. ನಂತರ ಬಯೊನೆಟ್, ಗ್ರೆನೇಡ್, ಖುಕ್ರಿಗಳೊಂದಿಗೆ ಕೈಕೈ ಮಿಲಾಯಿಸುವ ಕಾಳಗಕ್ಕೆ ಇಳಿದರು. ಕೊರಳಿಗೆ ಗುಂಡು ಬಿದ್ದ ಮೇಲೂ ರಕ್ತ ಸೋರಿ ಕುಸಿಯುವ ತನಕ ಹೋರಾಡಿದರು. ಎದುರಾಳಿಗಳು ಓಡಿದರು, ಪ್ರಧಾನ ಕಚೇರಿ ಸುತ್ತುವರಿಯಲ್ಪಡುವುದು ತಪ್ಪಿತು.

ಪ್ರಶಸ್ತಿ ಪತ್ರದಲ್ಲಿ ಒಂದು ಸಂಖ್ಯೆಯಿದೆ: ನಲವತ್ತು. ಅಂದು ಬಿದ್ದ ಎದುರಾಳಿಗಳ ಲೆಕ್ಕ ಅದು. ಸಲಾರಿಯಾ ಬಗ್ಗೆ ಬರೆದವರೆಲ್ಲ ಈ ಸಂಖ್ಯೆಯನ್ನು ಬಿಡದೆ ಹೇಳುತ್ತಾರೆ. ಸೈನ್ಯದ ದಾಖಲೆಗೆ ಅದು ಬೇಕು, ನಿಜ. ಸಾಹಸವನ್ನು ತೂಗಿ ನೋಡಲು ಅಲ್ಲಿ ಒಂದು ಅಳತೆ ಇರಲೇಬೇಕು. ಆದರೆ ನೆನಪಿಗೂ ಅದೇ ಅಳತೆ ಸಾಕೇ? ಒಬ್ಬ ಯುವಕನ ಬದುಕಿನ ಬೆಲೆಯನ್ನು ಅವನ ಕೈಯಿಂದ ಬಿದ್ದವರ ಎಣಿಕೆಯಲ್ಲಿ ಹೇಳುವ ಅಭ್ಯಾಸ ನಮ್ಮ ಮನಸ್ಸಿನ ಬಗ್ಗೆ ಏನನ್ನು ಹೇಳುತ್ತದೆ? ಆ ನಲವತ್ತು ಜನರೂ ತಾಯಂದಿರ ಮಕ್ಕಳೇ. ಹಲವರು ಕಟಾಂಗಾದ ಹಳ್ಳಿಗಳಿಂದ ಸಂಬಳಕ್ಕೆಂದು ಸೇರಿದ ಹುಡುಗರಿರಬಹುದು. ಅವರಿಗೆ ಯಾರ ಗಣಿಗಾಗಿ ತಾವು ಬಂದೂಕು ಹಿಡಿದಿದ್ದೇವೆ ಎಂಬುದು ಎಷ್ಟರಮಟ್ಟಿಗೆ ತಿಳಿದಿರಲು ಸಾಧ್ಯ? ಅವರನ್ನು ನೆನೆದರೆ ಸಲಾರಿಯಾ ಅವರ ಶೌರ್ಯಕ್ಕೆ ಕುಂದು ಬರುವುದಿಲ್ಲ. ಎದುರಿಗೆ ಬಿದ್ದವರನ್ನು ಹುಳುಗಳಂತೆ ಎಣಿಸಿದಾಗ ಮಾತ್ರ ಶೌರ್ಯ ಸಣ್ಣದಾಗುತ್ತದೆ, ಏಕೆಂದರೆ ಮನುಷ್ಯರ ಎದುರು ತೋರಿದ ಧೈರ್ಯವಷ್ಟೇ ಧೈರ್ಯ.

ಆ ಹದಿನಾರು ಜನರ ವಿಷಯವೂ ಹೀಗೆಯೇ. ನಾಯಕನ ಹೆಸರು ಉಳಿಯಿತು. ಹಿಂದೆ ಹೋದವರು ‘ಹದಿನಾರು’ ಎಂಬ ಅಂಕಿಯಾದರು. ತೊಂಬತ್ತು ಜನರ ಎದುರಿಗೆ ಹದಿನಾರು ಜನ ನುಗ್ಗಿದ್ದರೆ, ಮುಂದೆ ನಿಂತವನ ಎದೆಗಾರಿಕೆಯಷ್ಟೇ ಹಿಂದೆ ನಿಂತವರ ನಂಬಿಕೆಯೂ ಅದಕ್ಕೆ ಕಾರಣ. ಇನ್ನೊಂದು ಮಾತೂ ಇದೆ. ಭಾರತೀಯ ಸೈನ್ಯದ ಗೋರ್ಖಾ ಪಡೆಗಳಲ್ಲಿ ನೇಪಾಳದಿಂದ ಬಂದು ಸೇರುವವರು ಬಹಳ ಮಂದಿ. ಅಂಥವರಿಗೆ ಭಾರತವೂ ಪರದೇಶವೇ. ನೇಪಾಳದ ಬೆಟ್ಟದ ಊರೊಂದರಲ್ಲಿ ಹುಟ್ಟಿ, ಭಾರತದ ಸಮವಸ್ತ್ರ ತೊಟ್ಟು, ವಿಶ್ವಸಂಸ್ಥೆಯ ಬಾವುಟದ ಕೆಳಗೆ, ಆಫ್ರಿಕಾದ ರಸ್ತೆಯಲ್ಲಿ ಹೋರಾಡುವ ಮನುಷ್ಯನ ಸಾವನ್ನು ಯಾವ ಒಂದು ನೆಲದ ಲೆಕ್ಕಕ್ಕೆ ಬರೆದುಕೊಳ್ಳುತ್ತೀರಿ? ನೆಲದ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಉಳಿಯುವುದು ಕೊಟ್ಟ ಮಾತು ಮತ್ತು ಪಕ್ಕದಲ್ಲಿ ನಿಂತ ಜೊತೆಗಾರ.

ಸತ್ತ ಯೋಧನನ್ನು ನೆನೆಯುವ ವಿದ್ಯೆಯಲ್ಲಿ ಕನ್ನಡ ನಾಡು ಹಿಂದುಳಿದದ್ದಲ್ಲ. ನಮ್ಮ ಹೊಲದ ಬದುಗಳಲ್ಲಿ, ಕೆರೆಯ ಏರಿಗಳ ಮೇಲೆ, ಗುಡಿಯ ಮಗ್ಗುಲಲ್ಲಿ ಸಾವಿರಾರು ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಎತ್ತಿಕೊಂಡು ಹೋಗುವ ದೇವಕನ್ಯೆಯರು, ಮೇಲೆ ಲಿಂಗದ ಮುಂದೆ ಕುಳಿತ ಅದೇ ಮನುಷ್ಯ. ಬೆಂಗಳೂರಿನ ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ ಒಂದು ಕಲ್ಲಿದೆ. ಗಂಗರ ಶ್ರೀಪುರುಷನ ಕಾಲದಲ್ಲಿ ರಟ್ಟವಾಡಿಯವರು ದಂಡೆತ್ತಿ ಬಂದಾಗ ಕಾದಾಡಿ ಸತ್ತ ಕಿತ್ತಯ್ಯ ಎಂಬವನ ಕಲ್ಲು ಅದು. ಅವನು ರಾಜನಲ್ಲ, ಸೇನಾಪತಿಯಲ್ಲ. ಹನ್ನೆರಡೂವರೆ ಶತಮಾನಗಳು ಕಳೆದ ಮೇಲೂ ಅವನ ಹೆಸರನ್ನು ನಾವು ಓದಬಲ್ಲೆವು. ಈ ಕಲ್ಲುಗಳ ಬರಹಗಳಲ್ಲಿ ಹೊಗಳಿಕೆ ಇರುತ್ತದೆ, ಆದರೆ ಅದಷ್ಟೇ ಇರುವುದಿಲ್ಲ. ಯಾರು ಸತ್ತದ್ದು ಎಂದು ಹೇಳುತ್ತವೆ. ಏತಕ್ಕಾಗಿ ಎಂದೂ ಹೇಳುತ್ತವೆ: ತುರುಗಳನ್ನು ಮರಳಿಸಲು, ಊರಿನ ಅಳಿವನ್ನು ತಡೆಯಲು, ಹೆಣ್ಣಿನ ಮಾನ ಉಳಿಸಲು, ಒಡೆಯನ ಕಾಳಗದಲ್ಲಿ. ಅನೇಕ ಕಲ್ಲುಗಳು ಇನ್ನೂ ಒಂದು ಮಾತು ಸೇರಿಸುತ್ತವೆ: ಸತ್ತವನ ಮನೆಯವರಿಗೆ ಇಷ್ಟು ಗದ್ದೆ ಬಿಟ್ಟುಕೊಟ್ಟಿದೆ. ಅದನ್ನು ನೆತ್ತರುಗೊಡಗೆ ಎಂದು ಕರೆಯುತ್ತಿದ್ದರು.

ನಮ್ಮ ಹಳಬರ ನೆನಪಿನ ಗಟ್ಟಿತನ ಇಲ್ಲಿದೆ. ಹೆಸರು, ಕಾರಣ, ಋಣ ಈ ಮೂರೂ ಒಂದೇ ಕಲ್ಲಿನ ಮೇಲೆ ಇರಬೇಕೆಂದು ಅವರು ಬಗೆದಿದ್ದರು. ಕಾರಣ ಯಾವಾಗಲೂ ಉದಾತ್ತವಾಗಿರುತ್ತಿರಲಿಲ್ಲ. ಒಡೆಯನ ಆಸೆಗೆ ಬಿದ್ದವರ ಕಲ್ಲುಗಳೂ ಬೇಕಾದಷ್ಟಿವೆ. ಆದರೂ ಕಾರಣವನ್ನು ಬರೆಯದೆ ಬಿಡುತ್ತಿರಲಿಲ್ಲ. ಇಂದಿನ ನಮ್ಮ ನೆನಪಿನಲ್ಲಿ ಮೊದಲು ಸವೆದುಹೋಗುವುದು ಈ ಕಾರಣವೇ. ವೀರ, ಧೀರ, ತ್ಯಾಗ, ಅಮರ ಎಂಬ ಮಾತುಗಳ ಹೂವಿನ ರಾಶಿಯ ಕೆಳಗೆ ಅವನನ್ನು ಯಾರು ಎಲ್ಲಿಗೆ ಕಳಿಸಿದರು, ಅಲ್ಲಿ ಆಗಬೇಕಾದ ಕೆಲಸ ಏನಿತ್ತು, ಆಯಿತೇ ಎಂಬ ಪ್ರಶ್ನೆಗಳು ಮುಚ್ಚಿಹೋಗುತ್ತವೆ. ಸತ್ತವನನ್ನು ಬಹಳ ಎತ್ತರದಲ್ಲಿ ಕೂರಿಸಿಬಿಟ್ಟರೆ ಅವನ ಪರವಾಗಿ ಯಾರನ್ನೂ ಏನನ್ನೂ ಕೇಳಬೇಕಾಗುವುದಿಲ್ಲ. ಇದು ಗೌರವದ ವೇಷ ತೊಟ್ಟ ಮರೆವು.

ಕಾರಣವನ್ನು ಕೇಳುವ ಧೈರ್ಯ ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 1987ರಿಂದ 1990ರವರೆಗೆ ಶ್ರೀಲಂಕಾದಲ್ಲಿದ್ದ ಭಾರತೀಯ ಶಾಂತಿಪಾಲನಾ ಪಡೆಯ ಸುಮಾರು 1,200 ಸೈನಿಕರು ಅಲ್ಲಿ ಮಡಿದರು. ಆ ಕಾರ್ಯಾಚರಣೆ ಎಣಿಸಿದಂತೆ ನಡೆಯಲಿಲ್ಲ. ಎರಡೂ ಕಡೆಯವರಿಗೆ ಬೇಡವಾದ ಪಡೆಯಾಗಿ ಅದು ಮರಳಿತು. ಕೊನೆಯ ತುಕಡಿಗಳು ಮದರಾಸಿಗೆ ಬಂದಿಳಿದಾಗ ಅಂದಿನ ತಮಿಳುನಾಡಿನ ಮುಖ್ಯಮಂತ್ರಿ ಸ್ವಾಗತಕ್ಕೆ ಹೋಗಲಿಲ್ಲ. ಅಲ್ಲಿ ಸತ್ತವರಿಗೆ ಕೊಲಂಬೊ ಬಳಿ ಶ್ರೀಲಂಕಾ ಸರ್ಕಾರವೇ ಸ್ಮಾರಕ ಕಟ್ಟಿಸಿತು. ನಾವು ಬಹುಕಾಲ ಆ ಪುಟವನ್ನು ತಿರುವಿಹಾಕಿಕೊಂಡೇ ಇದ್ದೆವು. ಕಳಿಸಿದವರ ಎಣಿಕೆ ತಪ್ಪಿದ್ದಕ್ಕೆ ಹೋದವರ ನೆನಪು ಏಕೆ ದಂಡ ತೆರಬೇಕು? ಗೆದ್ದ ಯುದ್ಧದ ಹೆಣಕ್ಕೆ ಬಾವುಟ, ಕೈಗೂಡದ ಯುದ್ಧದ ಹೆಣಕ್ಕೆ ಮೌನ ಎಂದಾದರೆ ನಾವು ನೆನೆಯುತ್ತಿರುವುದು ಮನುಷ್ಯರನ್ನಲ್ಲ, ಫಲಿತಾಂಶಗಳನ್ನು.

ಇನ್ನೂ ಹಿಂದಿನ ಒಂದು ಉದಾಹರಣೆ ನಮ್ಮ ರಾಜ್ಯದ್ದೇ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೀನಿನ ಹೈಫಾ ನಗರವನ್ನು ಆಟೊಮನ್ ಮತ್ತು ಜರ್ಮನ್ ಪಡೆಗಳಿಂದ ವಶಪಡಿಸಿಕೊಂಡವರಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್‌ಗಳೂ ಇದ್ದರು. ಮೆಷಿನ್ ಗನ್ನುಗಳ ಎದುರು ಕುದುರೆಯೇರಿ, ಭರ್ಜಿ ಹಿಡಿದು, ಕಾರ್ಮೆಲ್ ಬೆಟ್ಟದ ಇಳಿಜಾರುಗಳಲ್ಲಿ ಕಾದಿದ ನಮ್ಮ ಜನ ಅವರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸೈನಿಕನದು, ಬೆಂಗಳೂರಿನ ಜೆ.ಸಿ. ನಗರದ ಬಳಿ ಆ ಪಡೆಯ ಸ್ಮಾರಕವಿದೆ. ಅವರು ಹೋದದ್ದು ಸಾಮ್ರಾಜ್ಯವೊಂದರ ಯುದ್ಧಕ್ಕೆ. ಮೈಸೂರಿನ ಹಳ್ಳಿಯ ಸವಾರನಿಗೆ ಹೈಫಾದಲ್ಲಿ ಯಾವ ವೈರಿಯಿದ್ದ? ಆ ಪ್ರಶ್ನೆಯನ್ನು ಕೇಳಿಯೂ ಆ ಸವಾರನನ್ನು ಪ್ರೀತಿಯಿಂದ ನೆನೆಯಲು ಸಾಧ್ಯ. ಯುದ್ಧವನ್ನು ಒಪ್ಪದೆಯೂ ಯೋಧನಿಗೆ ತಲೆಬಾಗಬಹುದು. ಈ ಎರಡನ್ನೂ ಒಟ್ಟಿಗೆ ಹಿಡಿದಿಟ್ಟುಕೊಳ್ಳಲು ಬರುವುದೇ ಪ್ರಬುದ್ಧ ನೆನಪಿನ ಲಕ್ಷಣ. ಯೋಧನನ್ನು ಮೆಚ್ಚಲು ಯುದ್ಧವನ್ನೂ ಮೆಚ್ಚಲೇಬೇಕು ಎನ್ನುವವರು, ಯುದ್ಧವನ್ನು ದ್ವೇಷಿಸಲು ಯೋಧನನ್ನೂ ಮರೆಯಬೇಕು ಎನ್ನುವವರು, ಇಬ್ಬರೂ ಒಂದೇ ತಪ್ಪಿನ ಎರಡು ತುದಿಯಲ್ಲಿ ನಿಂತಿದ್ದಾರೆ.

ಸಲಾರಿಯಾ ಅವರಿಗೆ ದೇಶ ಗೌರವ ಸಲ್ಲಿಸಿಲ್ಲವೆಂದಲ್ಲ. ದೆಹಲಿಯಲ್ಲಿ 2019ರಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ವೃತ್ತವೃತ್ತವಾಗಿ ನಿಂತ ಗೋಡೆಗಳ ಮೇಲೆ, ಗ್ರಾನೈಟ್ ಹಲಗೆಗಳಲ್ಲಿ, ಸ್ವಾತಂತ್ರ್ಯಾನಂತರ ಮಡಿದ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರುಗಳಿವೆ. ಪಕ್ಕದಲ್ಲೇ ಪರಮವೀರ ಚಕ್ರ ಪಡೆದ ಇಪ್ಪತ್ತೊಂದು ಮಂದಿಯ ಎದೆಮಟ್ಟದ ಪ್ರತಿಮೆಗಳಿವೆ. 2023ರ ಜನವರಿಯಲ್ಲಿ ಅಂಡಮಾನಿನ ಹೆಸರಿಲ್ಲದ ಒಂದು ದ್ವೀಪಕ್ಕೆ ಅವರ ಹೆಸರಿಟ್ಟರು. ವಿಶ್ವಸಂಸ್ಥೆ ತನ್ನ ಸೇವೆಯಲ್ಲಿ ಸತ್ತವರಿಗೆ ಹ್ಯಾಮರ್‌ಶೋಲ್ಡ್ ಹೆಸರಿನ ಪದಕ ಕೊಡುತ್ತದೆ. ಕೋಟಿಗೆ ಸಿಕ್ಕಿಸಿಕೊಳ್ಳುವ ಲೋಹದ ಬಿಲ್ಲೆ ಅದಲ್ಲ. ಅಂಗೈಯಲ್ಲಿ ಹಿಡಿಸುವ, ಮೊಟ್ಟೆಯಾಕಾರದ ಸ್ಫಟಿಕದ ಗಾಜು. ಅದರ ಮೇಲೆ ಕೊರೆಯುವುದು ಸತ್ತವರ ಹೆಸರು ಮತ್ತು ಸತ್ತ ದಿನ. ಸಾಹಸದ ವರ್ಣನೆಗೆ ಅಲ್ಲಿ ಜಾಗವಿಲ್ಲ. ಗುಂಡಿಗೆ ಎದೆಯೊಡ್ಡಿದವನಿಗೂ, ವಾಹನ ಮಗುಚಿ ಸತ್ತವನಿಗೂ, ಜ್ವರದಲ್ಲಿ ಸತ್ತವನಿಗೂ ಗಾಜು ಒಂದೇ. ಹೆಚ್ಚು ಮಾತಿಲ್ಲದ ಈ ಸಮಾನತೆಯಲ್ಲಿ ಒಂದು ವಿವೇಕವಿದೆ. ಮನೆಗೆ ಬಾರದವನು ಹೇಗೆ ಬಾರದಾದ ಎಂಬುದರಿಂದ ಮನೆಯವರ ಕೊರತೆ ಹೆಚ್ಚು ಕಡಿಮೆಯಾಗುವುದಿಲ್ಲವಲ್ಲ.

ಇಷ್ಟಾದ ಮೇಲೂ, ಪರರಿಗಾಗಿ ಸಾಯುವುದು ಎಂಬ ವಿಚಾರದ ಮುಂದೆ ನಮ್ಮ ಮನಸ್ಸು ಹಿಂಜರಿಯುತ್ತದೆ. ನಮ್ಮ ಮನೆಯಲ್ಲೇ ನೂರು ತಾಪತ್ರಯವಿರುವಾಗ ಊರಿನ ಉಸಾಬರಿ ಏಕೆ ಎಂದು ಕೇಳುವುದು ನಮ್ಮ ರೂಢಿ. ಆ ಕೇಳಿಕೆಯಲ್ಲಿ ಅನುಭವದ ಮಾತೂ ಇದೆ. 2022ರ ಜುಲೈನಲ್ಲಿ ಅದೇ ಕಾಂಗೋದ ಬುಟೆಂಬೊ ಎಂಬಲ್ಲಿ ವಿಶ್ವಸಂಸ್ಥೆಯ ವಿರುದ್ಧ ನಡೆದ ಹಿಂಸಾತ್ಮಕ ಪ್ರತಿಭಟನೆಯಲ್ಲಿ ನಮ್ಮ ಗಡಿ ಭದ್ರತಾ ಪಡೆಯ ಇಬ್ಬರು ಸತ್ತರು. ಯಾರ ರಕ್ಷಣೆಗೆಂದು ಹೋಗಿದ್ದರೋ ಅವರ ಸಿಟ್ಟಿಗೇ ಬಲಿಯಾದರು. ಅರವತ್ತು ವರ್ಷ ಕಳೆದರೂ ಆ ನೆಲಕ್ಕೆ ನೆಮ್ಮದಿ ಬಂದಿಲ್ಲ. ಹಾಗಾದರೆ ಸಲಾರಿಯಾ ಸತ್ತದ್ದು ವ್ಯರ್ಥವೇ? ಕಟಾಂಗಾದ ಪ್ರತ್ಯೇಕತೆ 1963ರ ಜನವರಿಯಲ್ಲಿ ಕೊನೆಗೊಂಡಿತು. ಕಾಂಗೋ ಒಂದೇ ದೇಶವಾಗಿ ಉಳಿಯಿತು. ಅವರನ್ನು ಕಳಿಸಿದ್ದು ಆ ಕೆಲಸಕ್ಕೆ, ಆ ಕೆಲಸ ಆಯಿತು. ಒಂದು ಊರಿನ ಬೆಂಕಿ ಆರಿಸಲು ಹೋದವನನ್ನು ಆ ಊರಿನಲ್ಲಿ ಮುಂದೆಂದೂ ಬೆಂಕಿ ಬೀಳದಂತೆ ನೋಡಿಕೊಳ್ಳಲಿಲ್ಲ ಎಂದು ದೂರುವುದು ನ್ಯಾಯವಲ್ಲ.

ಅಲ್ಲದೆ ಆ ನೆಲ ನಮಗೆ ಅಷ್ಟೊಂದು ಪರದೇಶವೂ ಅಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಕೋಬಾಲ್ಟ್ ತೆಗೆಯುವ ದೇಶ ಕಾಂಗೋ. ಅದರ ಬಹುಪಾಲು ಬರುವುದು ಹಳೆಯ ಕಟಾಂಗಾದ ಗಣಿಗಳಿಂದ. ನಾವು ದಿನವಿಡೀ ಕೈಯಲ್ಲಿ ಹಿಡಿದಿರುವ ಫೋನುಗಳ ಬ್ಯಾಟರಿಯಲ್ಲಿ ಆ ಲೋಹವಿರುತ್ತದೆ. ಅಂದು ಯಾವ ಸಂಪತ್ತಿಗಾಗಿ ಗುಂಡು ಹಾರಿತೋ ಅದರ ಒಂದು ಚೂರು ಇಂದು ನಮ್ಮ ಜೇಬಿನಲ್ಲಿದೆ. ಅದನ್ನು ಅಗೆದು ತೆಗೆಯುವವರಲ್ಲಿ ಮಕ್ಕಳೂ ಇದ್ದಾರೆ. ಅವರ ಜಗಳಕ್ಕೂ ನಮಗೂ ಏನು ಸಂಬಂಧ ಎಂದು ಕೇಳುವ ಹಕ್ಕನ್ನು ನಾವು ಎಂದೋ ಕಳೆದುಕೊಂಡಿದ್ದೇವೆ. ಲಾಭದಲ್ಲಿ ನಂಟು, ನೋವಿನಲ್ಲಿ ಪರಕೀಯತೆ ಎಂಬುದು ವ್ಯಾಪಾರದ ನಡೆಯಾದೀತು, ಮನುಷ್ಯರ ನಡೆಯಾಗಲಾರದು.

ಕೊನೆಗೆ ಉಳಿಯುವುದು ವಯಸ್ಸಿನ ಮಾತು. ಬದುಕಿದ್ದರೆ ಸಲಾರಿಯಾ ಅವರಿಗೆ ಈಗ ತೊಂಬತ್ತು ದಾಟಿರುತ್ತಿತ್ತು. ನಮ್ಮ ನೆನಪಿನಲ್ಲಿ ಅವರು ಕಂಚಿನ ಪ್ರತಿಮೆಯಾಗಿ, ದ್ವೀಪವಾಗಿ ದೊಡ್ಡವರಾಗುತ್ತಾ ಹೋದಷ್ಟೂ ಆ ಇಪ್ಪತ್ತಾರರ ಯುವಕ ಚಿಕ್ಕವನಾಗಿ ಮರೆಯಾಗುತ್ತಾನೆ. ಇಪ್ಪತ್ತಾರು ಎಂದರೆ ನಮ್ಮ ಮನೆಗಳಲ್ಲಿ ಇನ್ನೂ ಹುಡುಗನೇ. ಮೊದಲ ಸಂಬಳದಲ್ಲಿ ಅಮ್ಮನಿಗೊಂದು ಸೀರೆ ತಂದುಕೊಟ್ಟು ಕೆಲವೇ ವರ್ಷವಾದ, ಹೆಣ್ಣು ನೋಡಲು ಯಾವಾಗ ಹೋಗೋಣ ಎಂದು ಹಿರಿಯರು ಕೇಳುತ್ತಿರುವ, ತಂದೆಯ ಜೊತೆ ಯಾವುದಕ್ಕೋ ಮುನಿಸಿಕೊಂಡು ಮತ್ತೆ ರಾಜಿಯಾಗಲು ಇನ್ನೂ ಸಾಕಷ್ಟು ಕಾಲವಿದೆ ಎಂದು ನಂಬಿರುವ ವಯಸ್ಸು. ತ್ಯಾಗ ಎಂದು ನಾವು ಒಂದೇ ಉಸಿರಿನಲ್ಲಿ ಹೇಳಿಬಿಡುವುದರೊಳಗೆ ಇರುವುದು ನಿಧಾನವಾಗಿ, ಸಾಧಾರಣವಾಗಿ ಕಳೆಯಬೇಕಾಗಿದ್ದ ಇಂಥ ನಲವತ್ತು ಐವತ್ತು ವರ್ಷಗಳ ದಿನಚರಿ. ಕೊಟ್ಟದ್ದು ಅದನ್ನು. ಪ್ರತಿಮೆಗಳು ಆ ಕೊನೆಯ ಅರ್ಧ ಗಂಟೆಯನ್ನು ತೋರಿಸಬಲ್ಲವು, ಬಾರದೇ ಹೋದ ವರ್ಷಗಳನ್ನು ತೋರಿಸಲಾರವು. ಅದನ್ನು ಮನಸ್ಸಿಗೆ ತಂದುಕೊಳ್ಳುವ ಕೆಲಸ ನೆನೆಯುವವರದು.

ಅದನ್ನು ಮನಸ್ಸಿಗೆ ತಂದುಕೊಂಡ ಸಮಾಜ ತನ್ನ ಮಕ್ಕಳನ್ನು ಕಳಿಸುವ ಮುನ್ನ ಎರಡು ಬಾರಿ ಯೋಚಿಸುತ್ತದೆ. ಕಳಿಸಲೇಬೇಕಾದಾಗ ಏಕೆಂದು ಸ್ಪಷ್ಟವಾಗಿ ಹೇಳುತ್ತದೆ. ಬಾರದವರ ಮನೆಯ ಬಾಗಿಲನ್ನು ವರ್ಷಕ್ಕೊಂದು ದಿನ ಹೂವಿನ ಹಾರದೊಂದಿಗೆ ಮಾತ್ರ ತಟ್ಟುವುದಿಲ್ಲ. ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲಿ ಇದುವರೆಗೆ 160ಕ್ಕೂ ಹೆಚ್ಚು ಭಾರತೀಯರು ಮಡಿದಿದ್ದಾರೆ. ಈ ಕೆಲಸದಲ್ಲಿ ಅತಿ ಹೆಚ್ಚು ಜನರನ್ನು ಕಳೆದುಕೊಂಡ ದೇಶಗಳಲ್ಲಿ ನಮ್ಮದೂ ಒಂದು. ಇದನ್ನು ಹೆಮ್ಮೆಯಿಂದ ಹೇಳುವಾಗ ದನಿ ಸ್ವಲ್ಪ ತಗ್ಗಿದರೆ ಒಳ್ಳೆಯದು.

ನಿಮ್ಮ ಮನೆಯ ಮಕ್ಕಳಿಗೆ ಎಂದಾದರೂ ಈ ಕಥೆ ಹೇಳುವ ಸಂದರ್ಭ ಬಂದರೆ ಪದಕದಿಂದ ಶುರುಮಾಡಬೇಡಿ. ಎದೆಯ ಅಳತೆ ಸಾಲದೆಂದು ಬೆಂಗಳೂರಿನಿಂದ ವಾಪಸು ಹೋಗಿ ಹಟ ಹಿಡಿದು ಮರಳಿ ಬಂದನೆನ್ನುವ ಹುಡುಗನಿಂದ ಶುರುಮಾಡಿ. ಅವನ ಹಳ್ಳಿ ಹೇಗೆ ಪರದೇಶವಾಯಿತು ಎಂದು ಹೇಳಿ. ಕಾಂಗೋ ಎಲ್ಲಿದೆ ಎಂದು ಭೂಪಟದಲ್ಲಿ ತೋರಿಸಿ, ಅವನನ್ನು ಅಲ್ಲಿಗೆ ಏಕೆ ಕಳಿಸಿದರೆಂದು ವಿವರಿಸಿ, ಜೊತೆಗಿದ್ದ ಹದಿನಾರು ಜನರನ್ನೂ ಎದುರಿಗೆ ಬಿದ್ದವರನ್ನೂ ಮರೆಯದೆ ಸೇರಿಸಿ. ಅವನ ವಯಸ್ಸನ್ನು ಹೇಳಿ, ಮಕ್ಕಳು ಪ್ರಶ್ನೆ ಕೇಳಿದರೆ ಕೇಳಲು ಬಿಡಿ. ಪರಮವೀರ ಚಕ್ರದ ಮಾತು ಕೊನೆಯಲ್ಲಿ ಬಂದರೆ ಸಾಕು.